ಗಡಿಯಿಂದ ಬಂದ ಯೋಧ, ಅವರಿಲ್ಲದೆ ನಡೆಯಲು ಕಲಿತ ಮನೆ

ಲಡಾಖ್‌ಗೆ ಹೋದ ಸೈನಿಕರನ್ನು ಸೇನೆ ನೇರವಾಗಿ ಎತ್ತರದ ಠಾಣೆಗೆ ಹತ್ತಿಸುವುದಿಲ್ಲ. 9,000ದಿಂದ 12,000 ಅಡಿಯ ನಡುವೆ ಮೊದಲು ಆರು ದಿನ ಇರಿಸಿಕೊಳ್ಳುತ್ತಾರೆ. ಮೊದಲೆರಡು ದಿನ ವಿಶ್ರಾಂತಿ, ಆಮೇಲೆ ನಡಿಗೆ, ಆಮೇಲೆ ಸಣ್ಣ ಏರು. 15,000 ಅಡಿಯವರೆಗೆ ಹೋಗಬೇಕಾದರೆ ಇನ್ನೂ ನಾಲ್ಕು ದಿನ, ಅದನ್ನೂ ದಾಟಬೇಕಾದರೆ ಮತ್ತೆ ನಾಲ್ಕು ದಿನ. ಇದನ್ನು ತಪ್ಪಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬಿ ಗಟ್ಟಿಮುಟ್ಟಾದ ಆಳೂ ಪ್ರಾಣ ಕಳೆದುಕೊಳ್ಳಬಹುದು. ಹೊಸ ಜಾಗಕ್ಕೆ ಮೈ ಒಗ್ಗಲು ದಿನ ಹಿಡಿಯುತ್ತದೆ ಎಂದರೆ ಅಲ್ಲಿ ಯಾರೂ ಅದನ್ನು ದೌರ್ಬಲ್ಯ ಎನ್ನುವುದಿಲ್ಲ. ಅದು ಆದೇಶ.

ಅದೇ ಸೈನಿಕರು ರಜೆ ಸಿಕ್ಕು ಊರಿಗೆ ಹೊರಟಾಗ ಇಂಥ ಲೆಕ್ಕ ಯಾವುದೂ ಇಲ್ಲ. ಕೆಲವೇ ದಿನಗಳಲ್ಲಿ ಬಂಕರಿನಿಂದ ಬೇಲೂರಿನ ಬಸ್ ನಿಲ್ದಾಣಕ್ಕೆ ಬಂದಿರುತ್ತಾರೆ. ಇಳಿದ ಗಳಿಗೆಯಿಂದ ಅಪ್ಪ, ಗಂಡ, ಮಗ, ಅಳಿಯ, ತೋಟದ ಯಜಮಾನ ಎಲ್ಲವೂ ಆಗಬೇಕು. ಅಷ್ಟು ದಿನ ಅವರಿಲ್ಲದೆ ನಡೆದ ಮನೆಯೂ ಅದೇ ಗಳಿಗೆಯಿಂದ ಹಿಂದಿನ ಮನೆಯೇ ಆಗಿಬಿಡಬೇಕು. ಎರಡೂ ಆಗುವುದಿಲ್ಲ. ಎರಡನೇ ವಾರದ ಹೊತ್ತಿಗೆ ಮನೆಯಲ್ಲಿ ಏನೋ ಬಿಗಿ, ಮಾತಿಗೆ ಮಾತು, ಮುನಿಸು. ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಸೇನೆಗೋ ಬಿಎಸ್‌ಎಫ್‌ಗೋ ಸಿಆರ್‌ಪಿಎಫ್‌ಗೋ ಮಗನನ್ನು ಕಳಿಸಿದ ಮನೆಗಳಿಗೆ ಇದು ಗೊತ್ತು. ಆದರೆ ಪ್ರತಿ ಮನೆಯೂ ಇದು ತಮ್ಮೊಬ್ಬರ ಮನೆಯ ಸಮಸ್ಯೆ ಎಂದುಕೊಂಡಿರುತ್ತದೆ. ನಾನೂ ಅಂಥ ಮನೆಯಲ್ಲೇ ಬೆಳೆದವಳು. ನಮ್ಮಣ್ಣ ಮಿಲಿಟರಿಯಲ್ಲಿದ್ದಷ್ಟು ವರ್ಷವೂ ಅವನು ಬಂದ ಸಂತೋಷದ ಹಿಂದೆಯೇ ಬರುತ್ತಿದ್ದ ಈ ಬಿಗಿ ಏನೆಂದು ನಮಗೆ ಯಾರೂ ಬಿಡಿಸಿ ಹೇಳಲಿಲ್ಲ. ಅದಕ್ಕೆ ಕಾರಣಗಳಿವೆ, ಆ ಕಾರಣಗಳು ಯಾರ ತಪ್ಪೂ ಅಲ್ಲ. ಅದನ್ನು ತಿಳಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ ಎಂದು ನಾನು ನಂಬುತ್ತೇನೆ.

ರಜೆ ಮುಗಿದರೂ ಮುಗಿಯದ ಕೆಲಸ

ಸೇನೆಯ ಜವಾನರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ. ನಾಲ್ಕು ವರ್ಷಕ್ಕೆಂದು ಸೇರುವ ಅಗ್ನಿವೀರರಿಗೆ 30 ದಿನ ಮಾತ್ರ. ಜವಾನರಿಗೂ ಈ ಮೂರು ತಿಂಗಳು ಒಟ್ಟಿಗೆ ಸಿಗುವುದಿಲ್ಲ. ಯೂನಿಟ್‌ನಲ್ಲಿ ಇಂತಿಷ್ಟೇ ಜನ ಒಂದು ಹೊತ್ತಿಗೆ ಹೋಗಬಹುದು, ಉಳಿದವರು ಕಾಯಬೇಕು. ಹಾಸನಾಂಬೆಯ ಬಾಗಿಲು ತೆರೆಯುವ ಹೊತ್ತಿಗೆಂದು ಕೇಳಿದ ರಜೆ ಕಾಫಿ ಕುಯ್ಲು ಮುಗಿದ ಮೇಲೆ ಮಂಜೂರಾಗುವುದುಂಟು. ಮಧ್ಯದಲ್ಲೇ ಕರೆ ಬರುವುದೂ ಉಂಟು. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರದ ಸಮಯದಲ್ಲಿ ರಜೆ ಮೊಟಕುಗೊಳಿಸಿ ಓಡಿದವರ ಮನೆಗಳು ನಮ್ಮ ಕಡೆಯೂ ಇವೆ.

ಈಗ ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಟ್ಟು ನೋಡಿ. ಸೈನಿಕ ಕುಟುಂಬಗಳು ಅಗಲಿಕೆಯ ಯಾವ ಹಂತದಲ್ಲಿ ಏನನ್ನು ಅನುಭವಿಸುತ್ತವೆ ಎಂಬುದನ್ನು ಅಮೆರಿಕದ ಸೇನಾ ಮನೋವೈದ್ಯರು 2001ರಲ್ಲಿ ಐದು ಹಂತಗಳಾಗಿ ವಿವರಿಸಿದರು: ಹೊರಡುವ ಮೊದಲು, ಹೊರಟ ಮೊದಲ ತಿಂಗಳು, ನಡುವಿನ ದೀರ್ಘ ಕಾಲ, ಬರುವ ಮುಂಚಿನ ತಿಂಗಳು, ಬಂದ ಮೇಲೆ. ಬಂದ ಮೇಲಿನ ಹಂತ ತಹಬಂದಿಗೆ ಬರಲು ಮೂರರಿಂದ ಆರು ತಿಂಗಳು ಬೇಕು ಎಂದು ಅವರು ಅಂದಾಜಿಸಿದ್ದರು. ಅಲ್ಲಿಯ ಸೈನಿಕರು ಯುದ್ಧಭೂಮಿಯಿಂದ ಬಂದರೆ ಹೆಂಡತಿ ಮಕ್ಕಳಿರುವ ಊರಿನ ನೆಲೆಗೇ ಬರುತ್ತಾರೆ, ಅಲ್ಲೇ ಕೆಲಸಕ್ಕೆ ಹೋಗಿ ಬರುತ್ತಾರೆ. ನಮ್ಮವರು ಹಾಗಲ್ಲ. ಫೀಲ್ಡ್ ಪೋಸ್ಟಿಂಗ್‌ನಲ್ಲಿ, ಅಂದರೆ ಗಡಿಯಂಥ ಜಾಗದ ಕರ್ತವ್ಯದಲ್ಲಿ, ಎರಡು ಮೂರು ವರ್ಷ ಇರುವಾಗ ಕುಟುಂಬವನ್ನು ಜೊತೆಗಿಟ್ಟುಕೊಳ್ಳುವಂತಿಲ್ಲ. ನಡುನಡುವೆ ಒಂದೊಂದು ತಿಂಗಳು ಬಂದು ಹೋಗುತ್ತಾರೆ. ಅಂದರೆ ಒಗ್ಗುವ ಕೆಲಸ ಶುರುವಾಗಿ ಅರ್ಧಕ್ಕೆ ಬರುವ ಹೊತ್ತಿಗೆ ಟ್ರಂಕು ಕಟ್ಟುವ ದಿನ ಬಂದಿರುತ್ತದೆ. ಮುಂದಿನ ರಜೆಯಲ್ಲಿ ಮತ್ತೆ ಮೊದಲಿನಿಂದ. ಹದಿನೈದು ಹದಿನೇಳು ವರ್ಷ ಹೀಗೇ ನಡೆಯುತ್ತದೆ.

ಊರಿನವರು ಎದುರಾದಾಗ "ಯಾವಾಗ್ ಬಂದೆ ಕಣಪ್ಪಾ, ಯಾವಾಗ್ ಹೋಗ್ತೀಯ?" ಎಂದು ಒಂದೇ ಉಸಿರಿನಲ್ಲಿ ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುವುದು. ಆದರೆ ಬಂದವರು ಇನ್ನೂ ಬಂದೇ ಇರುವುದಿಲ್ಲ.

ಮೈ ಮನೆಯಲ್ಲಿ, ಕಿವಿ ಠಾಣೆಯಲ್ಲಿ

ಗಡಿಯಲ್ಲಿ, ಅದರಲ್ಲೂ ನಿಯಂತ್ರಣ ರೇಖೆಯಲ್ಲಿ ಅಥವಾ ನಕ್ಸಲ್ ಪೀಡಿತ ಕಾಡಿನಲ್ಲಿ, ಎಚ್ಚರವಾಗಿರುವುದೇ ಕೆಲಸ. ಪಾಳಿಯ ಕಾವಲು, ನಡುವೆ ತುಂಡು ನಿದ್ದೆ. ಅಪಾಯವನ್ನು ಗುರುತಿಸುವ ಮೆದುಳಿನ ಭಾಗ ಅಲ್ಲಿ ತಿಂಗಳುಗಟ್ಟಲೆ ಬಿಡುವಿಲ್ಲದೆ ದುಡಿದಿರುತ್ತದೆ. ಸಣ್ಣ ಸದ್ದಿಗೆ ಅಡ್ರಿನಲಿನ್ ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಯೋಚನೆ ಬರುವ ಮೊದಲೇ ಮೈ ನೆಲಕ್ಕೆ ಬಿದ್ದಿರುತ್ತದೆ. ಅಲ್ಲಿ ಪ್ರಾಣ ಉಳಿಸುವುದು ಇದೇ. ಊರಿಗೆ ಬಂದ ತಕ್ಷಣ ಆ ವ್ಯವಸ್ಥೆಯನ್ನು ಆರಿಸುವ ಸ್ವಿಚ್ ಯಾರ ಬಳಿಯೂ ಇಲ್ಲ. "ಇಲ್ಲಿ ಯಾರಿದಾರೆ ನಿನ್ನ ಹೊಡೆಯೋಕೆ?" ಎಂದು ಅಮ್ಮ ಕೇಳಿದರೆ ಬುದ್ಧಿ ಒಪ್ಪುತ್ತದೆ, ಮೈ ಒಪ್ಪುವುದಿಲ್ಲ. ಇದು ಸುರಕ್ಷಿತ ಜಾಗ ಎಂಬುದನ್ನು ಮೈ ಮಾತಿನಿಂದ ಕಲಿಯುವುದಿಲ್ಲ. ಏನೂ ಆಗದೆ ಕಳೆದ ರಾತ್ರಿಗಳಿಂದ ಮಾತ್ರ ನಿಧಾನವಾಗಿ ಕಲಿಯುತ್ತದೆ.

ಮಲೆನಾಡಿನ ಅಂಚಿನಲ್ಲಿ ಇದಕ್ಕೊಂದು ವಿಶೇಷ ತೊಡಕಿದೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಆನೆಗಳು ಗದ್ದೆ ತೋಟಕ್ಕೆ ಇಳಿದರೆ ರಾತ್ರಿಯೆಲ್ಲ ಪಟಾಕಿ ಹೊಡೆದು ಓಡಿಸುತ್ತಾರೆ. ಗಾಢ ನಿದ್ದೆಯಲ್ಲಿರುವ ಸೈನಿಕರಿಗೆ ಆ ಸದ್ದು ಎಲ್ಲಿಯದಾಗಿ ಕೇಳಿಸುತ್ತದೆ ಎಂದು ಯೋಚಿಸಿ ನೋಡಿ. ದೀಪಾವಳಿ, ಗಣಪತಿ ಬಿಡುವ ದಿನ, ಮದುವೆ ಮೆರವಣಿಗೆಗಳಲ್ಲೂ ಇದೇ. ಮನೆಯವರು ಮಾಡಬಹುದಾದ ಕೆಲಸ ತೀರಾ ಸಣ್ಣದು: ಮೊದಲೇ ಹೇಳುವುದು. "ಇವತ್ತು ರಾತ್ರಿ ಕೆರೆ ಹಿಂದೆ ಆನೆ ಓಡಿಸ್ತಾರಂತೆ, ಪಟಾಕಿ ಹೊಡೀತಾರೆ" ಎಂಬ ಒಂದು ಮಾತು. ಬರುವುದು ಗೊತ್ತಿದ್ದ ಸದ್ದಿಗೆ ಮೈ ಅಷ್ಟಾಗಿ ಬೆಚ್ಚುವುದಿಲ್ಲ. ನಿದ್ದೆಯಿಂದ ಎಬ್ಬಿಸುವಾಗ ಮುಟ್ಟಿ ಅಲುಗಿಸಬೇಡಿ. ಸ್ವಲ್ಪ ದೂರ ನಿಂತು ಹೆಸರು ಹಿಡಿದು ಕರೆಯಿರಿ. ಮಕ್ಕಳಿಗೂ ಇದನ್ನು ಹೇಳಿಕೊಡಿ, ಹಿಂದಿನಿಂದ ಹೋಗಿ ಬೆನ್ನಿಗೆ ಜಿಗಿಯುವ ಆಟ ಎರಡು ವಾರ ತಡೆದುಕೊಳ್ಳಲಿ.

ಹೋಟೆಲಿಗೆ ಹೋದರೆ ಗೋಡೆಗೆ ಬೆನ್ನು ಹಾಕಿ ಬಾಗಿಲು ಕಾಣುವಂತೆ ಕೂರುವುದು, ಸಂತೆಯ ಜನಜಂಗುಳಿಯಲ್ಲಿ ಬೆವರುವುದು, ರಾತ್ರಿ ಎದ್ದು ಅಗುಳಿ ಹಾಕಿದೆಯೇ ಎಂದು ಎರಡು ಮೂರು ಬಾರಿ ನೋಡುವುದು, ಇವೆಲ್ಲ ಒಂದೇ ಬೇರಿನವು. ಟಿವಿ ಸದ್ದು ಜೋರು ಮಾಡುತ್ತಾರೆ, ಕರೆದರೆ ಓಗೊಡುವುದಿಲ್ಲ ಎಂದಾದರೆ ಅದು ಅಹಂಕಾರವೂ ಅಲ್ಲ, ಮನಸ್ಸಿನದ್ದೂ ಅಲ್ಲದಿರಬಹುದು. ಫಿರಂಗಿ, ಮಾರ್ಟರ್, ರೈಫಲ್‌ಗಳ ಸದ್ದಿನಲ್ಲಿ ವರ್ಷಗಟ್ಟಲೆ ಇದ್ದವರ ಕಿವಿ ಮಂದವಾಗುವುದು ಸಾಮಾನ್ಯ. ಕಿವಿ ಪರೀಕ್ಷೆ ಮಾಡಿಸಿ.

ಇನ್ನೊಂದು ಬದಲಾವಣೆ ಕಣ್ಣಿಗೆ ಕಾಣುವುದಿಲ್ಲ, ಮನೆಯವರನ್ನು ಅದು ಹೆಚ್ಚು ನೋಯಿಸುತ್ತದೆ. ಅಕ್ಕರೆಯಿಂದ ಸಾಕಿದ ಹಸು ಸತ್ತು ಮನೆಯೆಲ್ಲ ಅಳುತ್ತಿದ್ದರೆ ರಜೆಗೆ ಬಂದ ಮಗ ಸುಮ್ಮನೆ ಗುಂಡಿ ತೋಡಲು ಹೋಗುತ್ತಾನೆ. ಕಲ್ಲುಮನಸ್ಸಾಯಿತು ಎನ್ನುತ್ತಾರೆ. ಜೊತೆಗಾರ ಬಿದ್ದಾಗಲೂ ಕೆಲಸ ನಿಲ್ಲಿಸುವಂತಿಲ್ಲದ ಜಾಗದಲ್ಲಿ ಅಳುವನ್ನು ಪಕ್ಕಕ್ಕಿಡಲು ಕಲಿತವರು ಅವರು. 2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಂ ಠಾಣೆಯ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಅದರಡಿ ಸಿಕ್ಕಿದರು, ಅವರಲ್ಲೊಬ್ಬರು ನಮ್ಮ ಹಾಸನ ತಾಲ್ಲೂಕಿನ ತೇಜೂರಿನವರು. ಇಡೀ ಜಿಲ್ಲೆ ಅವರಿಗಾಗಿ ಅತ್ತಿತು. ಅಂಥ ದುರಂತಗಳಲ್ಲಿ ಸಂಗಾತಿಗಳನ್ನು ಕಳೆದುಕೊಂಡು ಬದುಕಿ ಬಂದವರೂ ಇರುತ್ತಾರೆ. ಅವರು ಮನೆಗೆ ಬಂದು ಊಟದ ಮುಂದೆ ಕೂತಾಗ ನಾನೇಕೆ ಉಳಿದೆ ಎಂಬ ಪ್ರಶ್ನೆ ತುತ್ತಿಗೆ ಅಡ್ಡ ನಿಲ್ಲುತ್ತದೆ. ಅದಕ್ಕೆ ಮನೆಯವರ ಬಳಿ ಉತ್ತರವಿರಬೇಕಾಗಿಲ್ಲ. ಪಕ್ಕದಲ್ಲಿ ಕೂತಿದ್ದರೆ ಸಾಕು.

ಮನೆ ತಾನೇ ನಡೆಯಲು ಕಲಿತಿರುತ್ತದೆ

ಸೈನಿಕರ ಮನಸ್ಸಿನ ಬಗ್ಗೆ ಈಗೀಗ ಅಲ್ಲಲ್ಲಿ ಮಾತು ಕೇಳುತ್ತದೆ. ಮನೆಯ ಬಗ್ಗೆ ಯಾರೂ ಮಾತಾಡುವುದಿಲ್ಲ. ನನಗೆ ಇದೇ ಮುಖ್ಯವಾದ ಭಾಗ.

ಗಂಡ ಗಡಿಯಲ್ಲಿರುವ ಹೆಣ್ಣುಮಗಳು ಆ ಎರಡು ವರ್ಷದಲ್ಲಿ ಏನೆಲ್ಲ ಕಲಿಯುತ್ತಾಳೆ ನೋಡಿ. ಬೆಳಗ್ಗೆ ಡೇರಿಗೆ ಹಾಲು ಹಾಕಿ, ಹಾಲಿನ ಗುಣಮಟ್ಟದ ಡಿಗ್ರಿ ಕಡಿಮೆ ಬರೆದರೆ ಕೇಳುವುದು. ಬೋರ್‌ವೆಲ್ ಮೋಟರ್ ಸುಟ್ಟರೆ ಮೆಕ್ಯಾನಿಕ್ ಹಿಡಿದು ತರುವುದು. ಶುಂಠಿ ಬೆಳೆಯುವವರಿಗೆ ಹೊಲ ಗುತ್ತಿಗೆ ಕೊಡುವಾಗ ಎಕರೆಗೆ ಎಷ್ಟು ಎಂದು ಚೌಕಾಸಿ ಮಾಡುವುದು. ಸಂಘದ ಕಂತು, ಸೊಸೈಟಿ ಸಾಲ, ಮಗಳ ಶಾಲೆಯ ಫೀಸು, ಮಾವನ ಬಿಪಿ ಮಾತ್ರೆ. ಮೊದಮೊದಲು ಪ್ರತಿಯೊಂದಕ್ಕೂ ಗಂಡನ ಫೋನಿಗೆ ಕಾದಿರುತ್ತಾಳೆ. ಸಿಗ್ನಲ್ ಸಿಗದ ಠಾಣೆಯಿಂದ ಫೋನ್ ಬರುವುದಿಲ್ಲ. ಮಳೆ ಕಾಯುವುದಿಲ್ಲ, ಆಲೂಗಡ್ಡೆ ಬಿತ್ತನೆ ಕಾಯುವುದಿಲ್ಲ. ಹಾಗಾಗಿ ಒಂದು ದಿನ ತಾನೇ ತೀರ್ಮಾನ ತೆಗೆದುಕೊಳ್ಳುತ್ತಾಳೆ. ಅದು ಸರಿಹೋಗುತ್ತದೆ. ಎರಡನೆಯದನ್ನೂ ತೆಗೆದುಕೊಳ್ಳುತ್ತಾಳೆ. ಊರಿನಲ್ಲಿ ಕೆಲವರು "ಗಂಡ ಮಿಲಿಟ್ರೀಲಿ, ಇವಳದ್ದೇ ದರ್ಬಾರು" ಎನ್ನುತ್ತಾರೆ. ಅದನ್ನೂ ನುಂಗಿಕೊಂಡು ನಡೆಸುತ್ತಾಳೆ.

ಗಂಡ ಬಂದ ಮೂರನೇ ದಿನ ಬೆಳಗ್ಗೆ ಕೇಳುತ್ತಾರೆ: "ಈ ಹೊಲ ಯಾರನ್ನ ಕೇಳಿ ಗುತ್ತಿಗೆ ಕೊಟ್ಟೆ?"

ಅವರ ಕಡೆಯಿಂದ ಅದು ಸಹಜ ಪ್ರಶ್ನೆ. ಅಲ್ಲಿ ಚಳಿಯಲ್ಲಿ ಕೂತು ಈ ಹೊಲವನ್ನೇ ನೆನೆಯುತ್ತಿದ್ದವರು, ಹೊರಡುವಾಗ ಹೇಗಿತ್ತೋ ಹಾಗೆಯೇ ಅವರ ಕಣ್ಣಲ್ಲಿ ಅದು ನಿಂತುಬಿಟ್ಟಿದೆ. ಅವಳ ಕಡೆಯಿಂದ ಅದು ಎರಡು ವರ್ಷದ ದುಡಿಮೆಗೆ ಸಿಕ್ಕ ಪೆಟ್ಟು. ತಾನು ಮನೆಗೆ ಬೇಡವಾದವನು ಎಂದು ಅವರಿಗೆ ಅನ್ನಿಸುತ್ತದೆ. ತಾನು ಮಾಡಿದ್ದು ಯಾವುದೂ ಲೆಕ್ಕಕ್ಕಿಲ್ಲ ಎಂದು ಇವಳಿಗೆ ಅನ್ನಿಸುತ್ತದೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ರೂಬೆನ್ ಹಿಲ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು ಅಯೋವಾ ರಾಜ್ಯದ 135 ಸೈನಿಕ ಕುಟುಂಬಗಳನ್ನು ಅಧ್ಯಯನ ಮಾಡಿ 1949ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಗಲಿಕೆಗೆ ಹೊಂದಿಕೊಳ್ಳುವುದು ಒಂದು ಕೆಲಸ, ಮತ್ತೆ ಕೂಡಿದಾಗ ಹೊಂದಿಕೊಳ್ಳುವುದು ಬೇರೆಯದೇ ಕೆಲಸ ಎಂದು ಅವರಿಗೆ ಕಂಡಿತು. ಸೈನಿಕನಿಲ್ಲದ ಜಾಗವನ್ನು ಪೂರ್ತಿ ಮುಚ್ಚಿಕೊಂಡು ಚೆನ್ನಾಗಿ ನಡೆದ ಮನೆಗೆ ಅವನು ವಾಪಸ್ ಬಂದಾಗ ಜಾಗ ಬಿಡುವುದು ಕಷ್ಟವಾಗುತ್ತಿತ್ತು. ಅಯೋವಾದ ಜೋಳದ ಹೊಲಕ್ಕೂ ಹೊಳೆನರಸೀಪುರದ ಗದ್ದೆಗೂ ಬಹಳ ದೂರ, ಆದರೆ ಈ ಮಾತು ನಮ್ಮ ಮನೆಗಳನ್ನು ನೋಡಿಯೇ ಹೇಳಿದಂತಿದೆ. ಚೆನ್ನಾಗಿ ಸಂಸಾರ ತೂಗಿಸಿದ ಹೆಣ್ಣಿಗೇ ಗಂಡ ಬಂದಾಗ ಹೆಚ್ಚು ಕಷ್ಟವಾಗಬಹುದು. ಅದು ಅವಳ ದರ್ಪವಲ್ಲ, ಅವಳು ಕೆಲಸ ಕಲಿತಿದ್ದರ ಗುರುತು.

ಹಾಗಾದರೆ ಏನು ಮಾಡಬೇಕು? ಬಂದವರು ಮೊದಲ ವಾರ ಏನನ್ನೂ ಬದಲಿಸಬಾರದು. ದನ ಕಟ್ಟುವ ಜಾಗವಿರಲಿ, ಮಕ್ಕಳ ಓದಿನ ಹೊತ್ತಿರಲಿ, ಈಗ ಹೇಗೆ ನಡೆಯುತ್ತಿದೆಯೋ ಅದನ್ನು ನೋಡಬೇಕು, ಕೇಳಬೇಕು. ಹೊಸ ಯೂನಿಟ್‌ಗೆ ಹೋದರೆ ಮೊದಲ ದಿನವೇ ಯಾರೂ ಅಲ್ಲಿಯ ಪದ್ಧತಿ ಬದಲಿಸುವುದಿಲ್ಲವಲ್ಲ. ಆಮೇಲೆ ಒಂದೇ ಒಂದು ಜವಾಬ್ದಾರಿಯನ್ನು ಪೂರ್ತಿಯಾಗಿ ತೆಗೆದುಕೊಳ್ಳಬಹುದು. ಮಗನನ್ನು ಶಾಲೆಗೆ ಬಿಟ್ಟು ಕರೆತರುವುದೋ, ಡೇರಿಗೆ ಹಾಲು ಹಾಕುವುದೋ. ರಜೆ ಮುಗಿದಾಗ ಮತ್ತೆ ಅವಳಿಗೇ ಸುಲಭವಾಗಿ ಬಿಟ್ಟುಹೋಗುವಂಥದ್ದಾಗಿರಲಿ. ಎಲ್ಲವನ್ನೂ ಕೈಗೆ ತೆಗೆದುಕೊಂಡು ನಲವತ್ತನೇ ದಿನ ಎಲ್ಲವನ್ನೂ ಒಟ್ಟಿಗೆ ಅವಳ ತಲೆಗೆ ಹೊರಿಸಿ ಹೋಗುವುದು ಅನ್ಯಾಯ.

ಅತ್ತೆಯ ವಿಷಯವನ್ನು ಬಿಟ್ಟು ಈ ಮಾತು ಪೂರ್ತಿಯಾಗುವುದಿಲ್ಲ. ತಾಯಿಗೂ ಮಗ ಬಂದಿದ್ದಾನೆ. ಅವರೂ ರಾತ್ರಿ ಸುದ್ದಿವಾಹಿನಿ ನೋಡಿ ಎದೆ ಹಿಡಿದುಕೊಂಡು ಕೂತವರೇ. ಮಗ ಒಬ್ಬನೇ ಸಿಕ್ಕಾಗ ಸೊಸೆಯ ಮೇಲಿನ ದೂರು, ರಾತ್ರಿ ಕೋಣೆಯಲ್ಲಿ ಅತ್ತೆಯ ಮೇಲಿನ ದೂರು. ವರ್ಷವಿಡೀ ಕೂಡಿಟ್ಟದ್ದು ಮೊದಲ ವಾರದಲ್ಲೇ ಹೊರಬರುತ್ತದೆ. ತಕ್ಷಣ ತೀರ್ಮಾನ ಕೊಡುವ ತರಬೇತಿ ಪಡೆದ ಸೈನಿಕರು ಇಲ್ಲೂ ತೀರ್ಪು ಕೊಟ್ಟುಬಿಡುತ್ತಾರೆ. ಕೊಡಬಾರದು. ಇಬ್ಬರಿಗೂ ಬೇಕಿರುವುದು ಕೇಳುವ ಕಿವಿ. ತೀರ್ಪು ಕೊಟ್ಟವರು ಹೋದಮೇಲೆ ಮತ್ತೆ ಒಂದೇ ಒಲೆಯ ಮುಂದೆ ಬದುಕಬೇಕಾದವರು ಅವರಿಬ್ಬರೇ.

ಇದರ ಜೊತೆಗೆ ಮುಚ್ಚಿಟ್ಟ ಸುದ್ದಿಗಳು. "ಅವನಿಗೆ ಹೇಳ್ಬ್ಯಾಡ ಕಣವ್ವಾ, ಅಲ್ಲಿ ಒಬ್ನೇ ಇರ್ತಾನೆ, ಯೋಚನೆ ಹತ್ತುತ್ತೆ" ಎಂದು ಅಪ್ಪನ ಹೃದಯದ ತೊಂದರೆಯನ್ನು, ಅಡವಿಟ್ಟ ಸರವನ್ನು, ಮಗ ಫೇಲಾದದ್ದನ್ನು ಮನೆ ಮುಚ್ಚಿಡುತ್ತದೆ. ಅವರೂ ಅಷ್ಟೇ. ಕಾಲಿಗೆ ಪೆಟ್ಟಾದದ್ದು, ಪಕ್ಕದ ಬಂಕರಿನವರು ಹೋದದ್ದು ಹೇಳುವುದಿಲ್ಲ. ವಿಡಿಯೊ ಕರೆಯಲ್ಲಿ ಇಬ್ಬರೂ ನಗುತ್ತಾರೆ. ಊರಿಗೆ ಬಂದ ಮೇಲೆ ಒಂದೊಂದಾಗಿ ಗೊತ್ತಾದಾಗ ಸುದ್ದಿಗಿಂತ ಮುಚ್ಚಿಟ್ಟದ್ದೇ ಹೆಚ್ಚು ನೋಯಿಸುತ್ತದೆ. ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ: ಅಲ್ಲಿಂದ ಏನೂ ಮಾಡಲಾಗದ ಸಣ್ಣಪುಟ್ಟ ಜಗಳಗಳನ್ನು ಫೋನಿನಲ್ಲಿ ಹೇಳಬೇಡಿ. ದೊಡ್ಡ ವಿಷಯಗಳನ್ನು, ಅಂದರೆ ಕಾಯಿಲೆ, ಸಾಲ, ಸಾವು, ಇವನ್ನು ಹೇಳಿ. ಯಾವಾಗ ಹೇಳಬೇಕು ಎಂಬುದನ್ನು ಹೊರಡುವ ಮೊದಲೇ ಗಂಡ ಹೆಂಡತಿ ಮಾತಾಡಿಕೊಂಡಿದ್ದರೆ ಇನ್ನೂ ಒಳ್ಳೆಯದು. ಅವರಿಗೆ ತುರ್ತು ರಜೆ ಕೇಳುವ ದಾರಿಯಿರುತ್ತದೆ. ಗೊತ್ತಿಲ್ಲದಿದ್ದರೆ ಕೇಳುವುದೆಲ್ಲಿಂದ?

ಮಕ್ಕಳು

ಎಂಟು ತಿಂಗಳು ದಾಟಿದ ಮಗು ಅಪರಿಚಿತ ಮುಖ ಕಂಡರೆ ಅಳುವುದು ಬೆಳವಣಿಗೆಯ ಲಕ್ಷಣ. ಆ ಅಪರಿಚಿತ ಮುಖ ಅಪ್ಪನದೇ ಆಗಿರುವುದು ಸೈನಿಕರ ಮನೆಯ ದುಃಖ. ಬಸ್ಸಿಳಿದು ಓಡಿ ಬಂದು ಎತ್ತಿಕೊಂಡರೆ ಮಗು ಚೀರಿ ಅಮ್ಮನ ಸೆರಗಿಗೆ ಅಂಟಿಕೊಳ್ಳುತ್ತದೆ. ಸುತ್ತಲಿನವರು ನಗುತ್ತಾರೆ, ಅಪ್ಪನ ಮುಖ ಬಾಡುತ್ತದೆ. ಎತ್ತಿಕೊಳ್ಳಲು ಹೋಗದೆ ನೆಲದ ಮೇಲೆ ಕೂತು ಅದರ ಪಕ್ಕದಲ್ಲಿ ತಾನೇ ಆಡಿಕೊಂಡಿದ್ದರೆ ಎರಡು ಮೂರು ದಿನದಲ್ಲಿ ಮಗುವೇ ಬಳಿಗೆ ಬರುತ್ತದೆ. ಫೋಟೊ ತೋರಿಸುವುದಕ್ಕಿಂತ ದನಿ ಹೆಚ್ಚು ಕೆಲಸ ಮಾಡುತ್ತದೆ. ಅಲ್ಲಿಂದಲೇ ಕಥೆಯೋ ಹಾಡೋ ರೆಕಾರ್ಡ್ ಮಾಡಿ ಕಳಿಸಿ, ಮಲಗುವಾಗ ಕೇಳಿಸುತ್ತಿದ್ದರೆ ಆ ದನಿ ಮಗುವಿಗೆ ಹಳೆಯದಾಗಿರುತ್ತದೆ.

ಆರೇಳು ವರ್ಷದ ಮಕ್ಕಳು ಅಂಟಿಕೊಳ್ಳುತ್ತಾರೆ, ಕೆಲವರು ಮತ್ತೆ ಹಾಸಿಗೆ ಒದ್ದೆ ಮಾಡುತ್ತಾರೆ. ಅಪ್ಪ ಹಾಲು ತರಲು ಹೋದರೂ ವಾಪಸ್ ಹೋಗಿಬಿಟ್ಟರೇ ಎಂದು ಬಾಗಿಲಿಗೆ ಓಡುತ್ತಾರೆ. ಹೋಗುವ ದಿನವನ್ನು ಮುಚ್ಚಿಟ್ಟು ಮಗು ನಿದ್ದೆಯಲ್ಲಿರುವಾಗ ಹೊರಟುಬಿಡುವ ಪದ್ಧತಿ ನಮ್ಮಲ್ಲಿ ಬಹಳ ಮನೆಗಳಲ್ಲಿದೆ. ಅಳುವನ್ನು ನೋಡಲಾಗದೆ ಹಾಗೆ ಮಾಡುತ್ತಾರೆ. ಆದರೆ ಎದ್ದಾಗ ಅಪ್ಪನಿಲ್ಲ ಎಂಬುದನ್ನು ಕಂಡ ಮಗು ಮುಂದಿನ ರಜೆಯಲ್ಲಿ ನಿದ್ದೆ ಮಾಡಲೇ ಹೆದರುತ್ತದೆ. ಹೇಳಿ, ಅಳಿಸಿ, ಅಪ್ಪಿಕೊಂಡು ಹೋಗುವುದೇ ಮೇಲು.

ಹದಿಹರೆಯದವರದು ಬೇರೆಯೇ ಕಥೆ. ಹೋಗುವಾಗ ಲಂಗ ಹಾಕುತ್ತಿದ್ದ ಮಗಳು ಈಗ ಪಿಯುಸಿ. ಮೊಬೈಲ್ ಎಷ್ಟು ಹೊತ್ತು, ಯಾವ ಗೆಳತಿಯರ ಮನೆ, ಎಲ್ಲವೂ ಅವಳ ಮತ್ತು ಅಮ್ಮನ ನಡುವೆ ತೀರ್ಮಾನವಾಗಿದೆ. ಬಂದ ಅಪ್ಪ ಬೆಳಗ್ಗೆ ಐದಕ್ಕೆ ಏಳಿಸಿ ಓಡಲು ಕಳಿಸಿದರೆ ಅವಳು ಬಾಗಿಲು ಹಾಕಿಕೊಳ್ಳುತ್ತಾಳೆ. ಬ್ಯಾರಕ್ಕಿನ ಶಿಸ್ತು ಬ್ಯಾರಕ್ಕಿಗೆ ಚೆಂದ. ಹನ್ನೆರಡು ದಾಟಿದ ಗಂಡುಮಗ ಅಷ್ಟು ದಿನ ಮನೆಯ ಗಂಡಸು ತಾನೇ ಎಂದುಕೊಂಡಿರುತ್ತಾನೆ. ಅವನ ಕೈಯಿಂದ ಬೈಕಿನ ಕೀಲಿ ಕಸಿದುಕೊಳ್ಳುವ ಮೊದಲು ಅವನು ನಿಭಾಯಿಸಿದ್ದಕ್ಕೆ ಒಂದು ಮೆಚ್ಚುಗೆಯ ಮಾತು ಹೇಳಿ. ಕೀಲಿ ಕಸಿದುಕೊಳ್ಳಲೇಬೇಕು, ವಯಸ್ಸಾಗಿಲ್ಲ.

ಇಬ್ಬರ ನಡುವೆ

ಗಂಡ ಹೆಂಡತಿ ಮತ್ತೆ ಹತ್ತಿರವಾಗುವುದಕ್ಕೂ ಕಾಲ ಬೇಕು. ತಿಂಗಳುಗಟ್ಟಲೆ ಒಂಟಿಯಾಗಿ ಮಲಗಿದವರಿಗೆ ಪಕ್ಕದಲ್ಲಿ ಇನ್ನೊಂದು ಉಸಿರು ಅಭ್ಯಾಸ ತಪ್ಪಿರುತ್ತದೆ. ಎತ್ತರದ ಠಾಣೆಯ ದಣಿವು, ನಿದ್ದೆಗೇಡು, ಒತ್ತಡ ಇವೆಲ್ಲ ದೇಹದ ಆಸೆಯನ್ನೂ ಕುಗ್ಗಿಸುತ್ತವೆ. ಆಗ ಅವರಿಗೆ ಬೇರೆ ಯಾರೋ ಇದ್ದಾರೆ ಎಂಬ ಅನುಮಾನ ಇವಳಿಗೆ, ತನ್ನ ಮೇಲೆ ಮನಸ್ಸಿಲ್ಲ ಎಂಬ ಅನುಮಾನ ಅವರಿಗೆ. ಕೂಡು ಕುಟುಂಬದ ಎರಡು ಕೋಣೆಯ ಮನೆ, ನೆಂಟರ ಸಾಲು, ಮಧ್ಯೆ ಮಲಗುವ ಮಕ್ಕಳು. ಮಾತಾಡುವ ಜಾಗವೇ ಇರುವುದಿಲ್ಲ. ಹಿರಿಯರು ಇದನ್ನು ಅರ್ಥಮಾಡಿಕೊಂಡು ಒಂದೆರಡು ದಿನ ಮಕ್ಕಳನ್ನು ಅಜ್ಜಿಯ ಮನೆಗೆ ಕರೆದುಕೊಂಡು ಹೋದರೆ ದೊಡ್ಡ ಉಪಕಾರ. ನಮ್ಮಲ್ಲಿ ಹೀಗೆ ಬಾಯಿಬಿಟ್ಟು ಹೇಳುವುದು ವಾಡಿಕೆಯಲ್ಲ, ಆದರೂ ಹೇಳಬೇಕಾದ ಮಾತು.

ಕುಡಿತದ ಮಾತನ್ನೂ ಇಲ್ಲೇ ಹೇಳುತ್ತೇನೆ. ಕ್ಯಾಂಟೀನ್ ಬಾಟಲಿ ಬಂದಿದೆ ಎಂದರೆ ಊರಿನ ಗೆಳೆಯರು ಸಂಜೆ ಸೇರುತ್ತಾರೆ. ನಿದ್ದೆ ಬಾರದವರಿಗೆ ಎರಡು ಪೆಗ್ ನಿದ್ದೆ ತರಿಸಿದಂತೆ ಕಾಣುತ್ತದೆ. ಆದರೆ ಮದ್ಯ ನಿದ್ದೆಯ ದ್ವಿತೀಯಾರ್ಧವನ್ನು ಒಡೆಯುತ್ತದೆ, ನಡುರಾತ್ರಿ ಎಚ್ಚರ, ಕೆಟ್ಟ ಕನಸು. ಮರುದಿನ ಇನ್ನೊಂದು ಪೆಗ್ ಬೇಕಾಗುತ್ತದೆ. ಈ ಸುಳಿಯನ್ನು ಮೊದಲ ರಜೆಯಲ್ಲೇ ಗುರುತಿಸಬೇಕು, ಪೆನ್ಷನ್ ಬಂದ ಮೇಲೆ ಬಿಡಿಸುವುದು ಬಹಳ ಕಷ್ಟ.

ರಜೆಯನ್ನು ತಿನ್ನುವ ಕಚೇರಿಗಳು

ಎಷ್ಟೋ ಯೋಧರ ರಜೆ ತಾಲ್ಲೂಕು ಕಚೇರಿಯ ಬೆಂಚಿನ ಮೇಲೆ ಕರಗುತ್ತದೆ. ಪಹಣಿ ತಿದ್ದುಪಡಿ, ಹದ್ದುಬಸ್ತು, ದಾಯಾದಿಗಳ ವ್ಯಾಜ್ಯ, ಕಟ್ಟುತ್ತಿರುವ ಮನೆಯ ಮೇಸ್ತ್ರಿ. ಗಡಿಯಲ್ಲಿದ್ದಾಗ ಇಲ್ಲಿ ಬೇಲಿ ಸರಿದಿರುತ್ತದೆ, ಆ ಸಿಟ್ಟು ಮನೆಗೂ ಬರುತ್ತದೆ. ಹಾಗಾಗಿ ಇದು ಕುಟುಂಬದ ನೆಮ್ಮದಿಯ ವಿಷಯವೇ. ಮುಂಚೂಣಿಯಂಥ ವಿಶೇಷ ಸಂದರ್ಭಗಳಲ್ಲಿ ಸೇವೆಯಲ್ಲಿರುವ ಸೈನಿಕರು ಹಾಜರಿಲ್ಲದ ವೇಳೆ ಅವರ ವಿರುದ್ಧ ನ್ಯಾಯಾಲಯದಲ್ಲಿ ಮೊಕದ್ದಮೆ ಮುಂದುವರಿಯದಂತೆ ರಕ್ಷಣೆ ಕೊಡುವ ಕಾನೂನು 1925ರಿಂದಲೇ ಇದೆ. ಹಾಸನದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ ಇದೆ. ಜಿಲ್ಲಾಡಳಿತಕ್ಕೆ ಸೈನಿಕರ ದೂರನ್ನು ಮುಟ್ಟಿಸುವುದು ಅದರ ಕೆಲಸಗಳಲ್ಲೊಂದು. 2025ರ ಜುಲೈನಲ್ಲಿ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವು ಸೈನಿಕರಿಗೂ ಅವರ ಕುಟುಂಬಗಳಿಗೂ ಉಚಿತ ಕಾನೂನು ನೆರವು ನೀಡುವ ವೀರ್ ಪರಿವಾರ್ ಸಹಾಯತಾ ಯೋಜನೆಯನ್ನು ಆರಂಭಿಸಿದೆ. ರಜೆಗೆ ಮೊದಲೇ ಹೆಂಡತಿಯೋ ತಂದೆಯೋ ಅರ್ಜಿ ಕೊಟ್ಟು ಕಾಗದ ಸಿದ್ಧಮಾಡಿಟ್ಟರೆ ಬಂದವರು ಸಹಿ ಹಾಕಿ ಮನೆಗೆ ಬರಬಹುದು.

ಒಗ್ಗದಿರುವುದು ಯಾವಾಗ ಕಾಯಿಲೆ?

ಮೇಲೆ ಹೇಳಿದ್ದೆಲ್ಲ ಬಹುಪಾಲು ಮನೆಗಳಲ್ಲಿ ದಿನ ಕಳೆದಂತೆ ತಿಳಿಯಾಗುತ್ತದೆ. ತಿಳಿಯಾಗದಿದ್ದರೆ? ಬೆಚ್ಚುವುದು, ಅದೇ ಕನಸು ಮರಳಿ ಮರಳಿ ಬರುವುದು, ಆ ಘಟನೆ ಈಗಲೇ ನಡೆಯುತ್ತಿದೆ ಎನಿಸುವುದು, ಅದನ್ನು ನೆನಪಿಸುವ ಜಾಗ ಜನರಿಂದ ದೂರ ಓಡುವುದು, ಯಾರ ಮೇಲೂ ಪ್ರೀತಿ ಹುಟ್ಟದಿರುವುದು, ಇವು ಒಂದು ತಿಂಗಳು ದಾಟಿಯೂ ಉಳಿದು ದಿನನಿತ್ಯದ ಬದುಕನ್ನು ಕೆಡಿಸುತ್ತಿದ್ದರೆ ಅದು ಆಘಾತೋತ್ತರ ಒತ್ತಡದ ಕಾಯಿಲೆ ಇರಬಹುದು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಇದನ್ನು ಅಧಿಕೃತ ರೋಗಪಟ್ಟಿಗೆ ಸೇರಿಸಿತು. ಗಾಳಿ ಸೋಕಿದೆ ಎಂದು ಯಂತ್ರ ಕಟ್ಟಿಸಲು ಹೋಗಿ ರಜೆ ಕಳೆಯಬೇಡಿ. ಮಾತಿನ ಚಿಕಿತ್ಸೆಯಿಂದ, ಬೇಕಾದರೆ ಮಾತ್ರೆಯಿಂದ ಇದು ಹಿಡಿತಕ್ಕೆ ಬರುತ್ತದೆ. ಮನೆಯಲ್ಲಿ ಕೈ ಎತ್ತುವುದು ಶುರುವಾದರೆ ತಿಂಗಳು ಕಾಯುವ ಪ್ರಶ್ನೆಯೇ ಇಲ್ಲ. ಹೊಡೆತಕ್ಕೆ ಗಡಿಯ ಒತ್ತಡ ಕಾರಣವಾಗಿರಬಹುದು, ಸಮರ್ಥನೆಯಾಗುವುದಿಲ್ಲ. ಸಾಯುವ ಮಾತು ಬಾಯಿಗೆ ಬಂದರೆ ಅಂದೇ, ಆ ಹೊತ್ತೇ ಸಹಾಯ ಕೇಳಬೇಕು. ಒಬ್ಬರೇ ಇರಲು ಬಿಡಬಾರದು, ಮನೆಯಲ್ಲಿ ತೋಟದ ಕೋವಿ, ಔಷಧ ಇದ್ದರೆ ಬೇರೆಡೆ ಸಾಗಿಸಬೇಕು.

ಎಲ್ಲಿ ಕೇಳುವುದು? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಯ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ಸೈನಿಕರಿಗೂ ಅವರ ಮನೆಯವರಿಗೂ ಎಂದೇ 2023ರ ಡಿಸೆಂಬರ್‌ನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಇದರ ಪ್ರತ್ಯೇಕ ಘಟಕ ತೆರೆಯಲಾಯಿತು. ಮುಖಾಮುಖಿ ನೋಡಬೇಕೆಂದರೆ ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುತ್ತಾರೆ. ನಿವೃತ್ತರಾದವರಿಗೆ 2003ರಲ್ಲಿ ಶುರುವಾದ ಮಾಜಿ ಸೈನಿಕರ ಆರೋಗ್ಯ ಯೋಜನೆ, ಅಂದರೆ ಇಸಿಎಚ್‌ಎಸ್ ಕಾರ್ಡ್ ನೆರವಾಗುತ್ತದೆ.

ಸೇವೆಯಲ್ಲಿರುವವರು ಹೇಳಿಕೊಳ್ಳಲು ಹಿಂಜರಿಯುವುದಕ್ಕೆ ಗಟ್ಟಿ ಕಾರಣವಿದೆ. ಸೇನೆಯ ವೈದ್ಯಕೀಯ ಶ್ರೇಣಿಯಲ್ಲಿ ಮನಸ್ಸಿನ ಆರೋಗ್ಯಕ್ಕೂ ಒಂದು ಅಂಕವಿದೆ, ಅದು ಇಳಿದರೆ ಬಡ್ತಿಗೆ ತೊಂದರೆಯಾಗಬಹುದು ಎಂಬ ಭಯ ಸುಳ್ಳಲ್ಲ. ಅದನ್ನು ಅಲ್ಲಗಳೆದು "ಏನಾಗಲ್ಲ ಹೋಗಿ" ಎಂದರೆ ಅವರು ನಂಬುವುದಿಲ್ಲ. ನಾನು ಹೇಳುವುದು ಇಷ್ಟೇ. ನಿದ್ದೆ ಕೆಟ್ಟ ಮೊದಲ ವಾರಗಳಲ್ಲಿ ಫೋನಿನಲ್ಲಿ ಸಲಹೆ ಕೇಳಿದವರಿಗಿಂತ, ಬಚ್ಚಿಟ್ಟು ಬಚ್ಚಿಟ್ಟು ಕೊನೆಗೆ ಕರ್ತವ್ಯದ ಮೇಲೆ ಕುಸಿದುಬಿದ್ದವರ ಶ್ರೇಣಿಯೇ ಬೇಗ ಇಳಿಯುತ್ತದೆ. ಹೆಂಡತಿಗೆ, ತಾಯಿಗೆ ಇಂಥ ಭಯವಿರಬೇಕಾಗಿಲ್ಲ. ಅವರೇ ಮೊದಲು ಕರೆ ಮಾಡಿ ಕೇಳಬಹುದು. ಎಷ್ಟೋ ಬಾರಿ ಖಿನ್ನತೆ ಹಿಡಿದಿರುವುದು ಮನೆಯಲ್ಲಿ ಉಳಿದವರನ್ನೇ.

ಕೊನೆಯ ಸಲ ಬಂದಾಗ

ಪೆನ್ಷನ್ ಪಡೆದು ಬರುವುದು ರಜೆಗೆ ಬಂದಂತಲ್ಲ. ಮೂವತ್ತೈದು ನಲವತ್ತರ ವಯಸ್ಸಿನಲ್ಲಿ ಸಮವಸ್ತ್ರ, ಜೊತೆಗಾರರು, ದಿನದ ವೇಳಾಪಟ್ಟಿ ಎಲ್ಲ ಒಂದೇ ದಿನ ಹೋಗುತ್ತವೆ. ಅರ್ಧಕ್ಕೆ ನಿಲ್ಲಿಸಿದ್ದ ಅಷ್ಟೂ ರಜೆಗಳ ಬಾಕಿ ಕೆಲಸ ಆಗ ಒಟ್ಟಿಗೆ ಎದುರಾಗುತ್ತದೆ. ಮೊದಲ ತಿಂಗಳು ಹಾರ, ಸನ್ಮಾನ. ಮೂರನೇ ತಿಂಗಳು "ಮುಂದೇನು ಮಾಡ್ತೀರಾ?" ಮೊದಲ ಆರು ತಿಂಗಳು ಮನೆಯ ದೊಡ್ಡ ತೀರ್ಮಾನ ಯಾವುದನ್ನೂ ಮಾಡದಿರುವುದು ಕ್ಷೇಮ. ನಿವೃತ್ತಿಯ ಹಣವನ್ನು ಸೈಟಿಗೋ ಚೀಟಿಗೋ ಹಾಕಿಸಲು ಬರುವವರು ಆಗಲೇ ಹೆಚ್ಚು.

ಇನ್ನು ಮುಂದೆ ಇದು ಬೇರೊಂದು ರೂಪದಲ್ಲೂ ಬರಲಿದೆ. 2022ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯ ಮೊದಲ ತಂಡದ ನಾಲ್ಕು ವರ್ಷ 2026ರ ಕೊನೆ ಮತ್ತು 2027ರ ಆರಂಭದ ಹೊತ್ತಿಗೆ ಮುಗಿಯುತ್ತದೆ. ಅವರಲ್ಲಿ ಸೇನೆಯಲ್ಲಿ ಉಳಿಸಿಕೊಳ್ಳುವುದು ಶೇ 25ರವರೆಗೆ. ಉಳಿದವರು ಸುಮಾರು 11.7 ಲಕ್ಷ ರೂಪಾಯಿ ಸೇವಾನಿಧಿಯೊಂದಿಗೆ, ಪೆನ್ಷನ್ ಇಲ್ಲದೆ, ಇಪ್ಪತ್ತು ದಾಟಿದ ವಯಸ್ಸಿನಲ್ಲಿ ಕಡೂರಿಗೆ, ಅರಸೀಕೆರೆಗೆ, ಚನ್ನರಾಯಪಟ್ಟಣದ ಹಳ್ಳಿಗಳಿಗೆ ಬರುತ್ತಾರೆ. ಅವರಲ್ಲಿ ಬಹಳ ಜನರಿಗೆ ಹೆಂಡತಿ ಮಕ್ಕಳಿರುವುದಿಲ್ಲ, ಅಪ್ಪ ಅಮ್ಮ ಇರುತ್ತಾರೆ. "ನಿನ್ನ ಯಾಕೆ ಇಟ್ಕೊಳ್ಳಿಲ್ಲ?" ಎಂದು ಅರಳಿಕಟ್ಟೆಯಲ್ಲಿ ಕೇಳುವವರೂ ಇರುತ್ತಾರೆ. ಆ ಪ್ರಶ್ನೆಯನ್ನು ಯಾರೂ ಕೇಳದಿರುವಂತೆ ನೋಡಿಕೊಳ್ಳಲು ಊರಿನ ಹಿರಿಯರು, ಮಾಜಿ ಸೈನಿಕರ ಸಂಘದವರು ಈಗಿನಿಂದಲೇ ಮನಸ್ಸು ಮಾಡಬೇಕು. ಹುಡುಗರು ಬಂದ ಮೇಲೆ ಯೋಚಿಸೋಣ ಎಂದರೆ ತಡವಾಗುತ್ತದೆ.